ಹಸಿಕಾಯಿ ತುಂಬಿದ ಅಟ್ಟ

ಎರಡನೆಯ ಟೇಕಿನ ಮುಂದೆ, ಷರಾ ಅಂಕಣದಲ್ಲಿ, ನನ್ನದೇ ಕೈಬರಹದಲ್ಲಿ ಹೀಗಿದೆ: “ಮೇಲಿನಿಂದ ಟಕ್ ಎಂಬ ಸದ್ದು. ಧ್ವನಿಗೆ ತೊಂದರೆ.” ಮೂರನೆಯದರ ಮುಂದೆ: “ಮತ್ತೆ ಟಕ್, ಎರಡು ಸಲ. ಮಾತಿನ ಮೇಲೆ ಬಿದ್ದಿಲ್ಲ, ನಡೆಯುತ್ತದೆ.” ನಾಲ್ಕನೆಯ ಟೇಕಿನ ಸಾಲು ಅರ್ಧಕ್ಕೇ ನಿಂತಿದೆ.

ಚಿತ್ರೀಕರಣದಲ್ಲಿ ನನ್ನದು ಕಂಟಿನ್ಯುಟಿ ನೋಡುವ ಕೆಲಸ. ಒಂದು ಟೇಕಿನಲ್ಲಿ ಸೆರಗು ಎಡ ಹೆಗಲ ಮೇಲಿದ್ದರೆ ಮುಂದಿನದರಲ್ಲೂ ಅಲ್ಲೇ ಇರಬೇಕು. ಲೋಟದಲ್ಲಿ ಅರ್ಧ ನೀರಿದ್ದರೆ ಅರ್ಧವೇ ಇರಬೇಕು. ಕಂಡದ್ದನ್ನೂ ಕೇಳಿದ್ದನ್ನೂ ತಕ್ಷಣ ಬರೆದಿಡಬೇಕು. ಆ ದಿನ ನಾನು ಕೇಳಿದೆ, ಬರೆದೆ. ಅಷ್ಟೇ ಮಾಡಿದೆ. ಆ ಇಪ್ಪತ್ತು ನಿಮಿಷ ಈಗಲೂ ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ಯಾರದೋ ಮಾತಿನ ನಡುವೆ ತಲೆಯಲ್ಲಿ ಓಡುತ್ತದೆ. ಪ್ರತಿ ಸಲವೂ ನಾನು ಕುರ್ಚಿಯಿಂದ ಎದ್ದು ಕೂಗುತ್ತೇನೆ. ನಿಜದಲ್ಲಿ ಕೂಗಿರಲಿಲ್ಲ.

ನಾವು ತೆರೆಗೆ ತರಲು ಹೊರಟದ್ದು ನಮ್ಮ ಅಜ್ಜಿಯರ ಕಾಲದ ಒಂದು ಕಾದಂಬರಿಯನ್ನು. ಚಿತ್ರ ಇನ್ನೂ ಮುಗಿದಿಲ್ಲವಾದ್ದರಿಂದ ಹೆಸರು ಹೇಳುವುದಿಲ್ಲ. ಕಥೆ ತಿಪಟೂರು ಸೀಮೆಯದು. ಅಣ್ಣತಮ್ಮಂದಿರ ಮನೆಗೆ ಬಂದ ಕಿರಿಸೊಸೆ, ಗಂಡ ತೀರಿಕೊಂಡ ಮೇಲೆ, ಅವನ ಪಾಲಿನ ತೋಟವನ್ನು ಬಿಟ್ಟುಕೊಟ್ಟೆ ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕು. ಅವಳು ಓಡಿಹೋಗುವುದಿಲ್ಲ. ಅದೇ ಮನೆಯಲ್ಲಿ ತೆಂಗಿನಕಾಯಿ ಒಣಗಿಸುವ ಕೊಬ್ಬರಿ ಅಟ್ಟ ಹತ್ತಿ ಮೂರು ದಿನ ಅಡಗಿ ಕೂರುತ್ತಾಳೆ. ಊರೆಲ್ಲ ಹುಡುಕುತ್ತದೆ. ಅವಳು ಮನೆಯವರ ತಲೆಯ ಮೇಲೆಯೇ ಮಲಗಿ, ಅಟ್ಟಕ್ಕೆ ಹಾಸಿದ ದಬ್ಬೆಗಳ ಸಂದಿನಿಂದ, ತನ್ನ ಬಗ್ಗೆ ಯಾರು ಏನೇನು ಆಡುತ್ತಾರೆ ಎಂಬುದನ್ನೆಲ್ಲ ಕೇಳಿಸಿಕೊಳ್ಳುತ್ತಾಳೆ. ಮೂರನೆಯ ದಿನ ತಾನಾಗಿಯೇ ಇಳಿದು ಬಂದು, ಒತ್ತುವುದಿಲ್ಲ ಎನ್ನುತ್ತಾಳೆ.

ಈ ಕಾದಂಬರಿ ಕಪ್ಪು ಬಿಳುಪಿನ ಕಾಲದಲ್ಲೊಮ್ಮೆ ಚಿತ್ರವಾಗಿತ್ತು. ಅದರಲ್ಲಿ ಅಟ್ಟದ ಅಧ್ಯಾಯವೇ ಇಲ್ಲ. ಸೊಸೆ ಮಳೆಯಲ್ಲಿ ಹಾಡುತ್ತಾ ತವರಿಗೆ ಹೋಗುತ್ತಾಳೆ. ಕಾಲೇಜಿನಲ್ಲಿದ್ದಾಗಿನಿಂದ ನನಗೆ ಅದರ ಮೇಲೆ ಸಿಟ್ಟು. ಪುಸ್ತಕಕ್ಕೆ ಇನ್ನೊಂದು ಚಿತ್ರ ಸಲ್ಲಬೇಕಾದ್ದೇ ಆ ಅಧ್ಯಾಯದ ಕಾರಣಕ್ಕೆ ಎಂದು ನಿರ್ದೇಶಕರ ಜೊತೆ ವಾದ ಮಾಡಿದ್ದೆ. ಕೇಳಿ ಕೇಳಿ ಸಾಕಾಗಿ ಅವರು, “ಆಯ್ತು ಕಣಮ್ಮ, ಅಟ್ಟದಲ್ಲೇ ತೆಗೆಯೋಣ. ಸೆಟ್ ಹಾಕೋದು ಬೇಡ, ನಿಜವಾದ ಅಟ್ಟ ಹುಡುಕು,” ಎಂದರು. ಹುಡುಕಿದವಳೂ ನಾನೇ.

ನೊಣವಿನಕೆರೆ ಕಡೆಯ ಒಂದು ಹಳ್ಳಿಯಲ್ಲಿ ಮನೆ ಸಿಕ್ಕಿತು. ನಡುಮನೆಯ ಮೇಲೆ ನಾಲ್ಕು ಅಡ್ಡತೊಲೆ; ಅವುಗಳ ಮೇಲೆ ಬೆರಳು ಸಂದು ಬಿಟ್ಟು ಹಾಸಿದ, ಅಡಿಕೆ ಮರ ಸೀಳಿದ ದಬ್ಬೆ; ಮಧ್ಯದಲ್ಲಿ ಏಣಿಗೆ ಒಂದು ಕಿಂಡಿ. ತಲೆತಲಾಂತರದ ಹೊಗೆಗೆ ತೊಲೆಗಳು ಮಸಿಗಪ್ಪಾಗಿದ್ದವು. ಮನೆಯ ಯಜಮಾನಿಗೆ ಅರವತ್ತು ದಾಟಿರಬೇಕು. ಮೈದುನನ ಜೊತೆ ತೋಟ ನೋಡಿಕೊಳ್ಳುವವರು. “ಮೊನ್ನೆ ತಾನೇ ಕೊಬ್ಬರಿ ಇಳ್ಸಿದ್ದೀವಿ ಕಣವ್ವ, ಅಟ್ಟ ಖಾಲಿ ಐತೆ. ಏನ್ ಬೇಕಾದ್ರೂ ತಕ್ಕಳಿ, ಬೀಡಿ ಮಾತ್ರ ಹಚ್ಬೇಡಿ,” ಎಂದು ಬೀಗದ ಕೈ ಕೊಟ್ಟು, ಹುಳಿಯಾರಿನಲ್ಲಿ ನೆಂಟರ ಮದುವೆ ಎಂದು ಎರಡು ದಿನದ ಮಟ್ಟಿಗೆ ಮೈದುನನೊಂದಿಗೆ ಹೊರಟರು.

ಆ ಎರಡು ದಿನದಲ್ಲಿ ನಾವು ಅಟ್ಟ ತುಂಬಿಸಿದೆವು.

ಕಲಾ ನಿರ್ದೇಶಕರು ಮೊದಲು ಒಣಕಾಯಿ ತರಿಸಿ ನೋಡಿದರು. ತಿಂಗಳುಗಟ್ಟಲೆ ಅಟ್ಟದಲ್ಲಿದ್ದ ಕಾಯಿ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಕಪ್ಪು ತೊಲೆಗಳ ನಡುವೆ ಕ್ಯಾಮೆರಾಕ್ಕೆ ಅದು ಮಣ್ಣಿನ ಗುಪ್ಪೆಯಂತೆ ಕಂಡಿತು. ಆಗಷ್ಟೇ ಕೆಡವಿದ ಕಾಯಿಗೆ ಹೊಳಪಿರುತ್ತದೆ, ಬೆಳಕು ಹಿಡಿಯುತ್ತದೆ. ಹಾಗಾಗಿ ಒಂದು ಟ್ರ್ಯಾಕ್ಟರ್ ಹಸಿಕಾಯಿ ಬಂತು. ಫ್ರೇಮಿನಲ್ಲಿ ರಾಶಿ ಮೊಣಕಾಲೆತ್ತರಕ್ಕೂ ಇಲ್ಲ ಎಂದರು. ಇನ್ನೊಂದು ಟ್ರ್ಯಾಕ್ಟರ್ ಬಂತು. ಕ್ಯಾಮೆರಾಕ್ಕೂ ನಟಿಗೂ ಜಾಗ ಬೇಕಲ್ಲ, ಅದಕ್ಕೆ ಎಲ್ಲವನ್ನೂ ಅಡುಗೆಮನೆಯ ಕಡೆಗೆ, ಎರಡು ತೊಲೆಗಳ ಮೇಲೆ, ಹೆಂಚು ಮುಟ್ಟುವಷ್ಟು ಒಟ್ಟಿದರು. ಬೀದಿ ಕಡೆಯ ಎರಡು ತೊಲೆಗಳ ಮೇಲೆ ಜಾಗ ಖಾಲಿ ಉಳಿಯಿತು. ನಾನು ಫೋಟೊ ತೆಗೆದು ರಾಶಿಯ ಎತ್ತರ ಗುರುತು ಮಾಡಿಕೊಂಡೆ. ಚೆನ್ನಾಗಿ ಕಾಣುತ್ತಿದೆ ಎಂದೂ ಹೇಳಿದೆ.

ಮದುವೆ ಮುಗಿಸಿ ಯಜಮಾನಿ, ಮೈದುನ ಬರುವ ಹೊತ್ತಿಗೆ ಬೆಳಗಿನ ಚಿತ್ರೀಕರಣ ಶುರುವಾಗಿತ್ತು. ಟೇಕ್ ನಡೆಯುವಾಗ ಸದ್ದಾಗಬಾರದೆಂದು ಮನೆಯವರನ್ನು ಒಳಗೆ ಬಿಡುವುದಿಲ್ಲ. ಎಲ್ಲ ಕಡೆಯೂ ಅದೇ ಪದ್ಧತಿ. ಅವರದೇ ಮನೆಯ ಬಾಗಿಲಲ್ಲಿ ನಮ್ಮ ಮ್ಯಾನೇಜರ್ ಅವರನ್ನು ತಡೆದು, ಹಿಂದಿನ ಕೊಟ್ಟಿಗೆಯ ಬಳಿ ಕುರ್ಚಿ ಹಾಕಿಸಿ ಕಾಫಿ ಕೊಡಿಸಿದ. ಅಟ್ಟ ಹೇಗಿದೆ ಎಂದು ಅವರು ನೋಡಲೇ ಇಲ್ಲ.

ಮೇಲೆ ಇದ್ದದ್ದು ಇಬ್ಬರೇ, ನಟಿ ಮತ್ತು ಛಾಯಾಗ್ರಾಹಕ. ನಟಿ ಬೋರಲು ಮಲಗಿ ಸಂದಿಗೆ ಕಣ್ಣಿಟ್ಟು ಕೆಳಗಿನ ಮಾತು ಕೇಳಬೇಕು. ನಾನು ನಡುಮನೆಯಲ್ಲಿ, ರಾಶಿಯ ಕೆಳಗೇ, ಕುರ್ಚಿಯಲ್ಲಿದ್ದೆ. ಅಲ್ಲಿಂದ ಮಾನಿಟರ್ ಚೆನ್ನಾಗಿ ಕಾಣುತ್ತಿತ್ತು. ಎರಡನೆಯ ಟೇಕಿನಲ್ಲಿ ಮೊದಲ ಟಕ್. ಬರೆದೆ. ಮೂರನೆಯದರಲ್ಲಿ ಎರಡು. ಅದನ್ನೂ ಬರೆದೆ. ಧ್ವನಿ ತೆಗೆಯುವವರು ನನ್ನತ್ತ ನೋಡಿ ಹುಬ್ಬು ಹಾರಿಸಿದರು. ನಾನು ಪರವಾಗಿಲ್ಲ ಎಂದು ಕೈಯಾಡಿಸಿದೆ. ಹಾಳೆಯ ಮೇಲೆ ಸಣ್ಣಗೆ ಮಸಿ ಉದುರಿತು. ಊದಿ ಕೊಡವಿದೆ.

ನಾಲ್ಕನೆಯ ಟೇಕಿನ ನಡುವೆ ಹಿಂಬಾಗಿಲಲ್ಲಿ ಜಗಳದ ಸದ್ದು ಕೇಳಿಸಿತು.

“ಶ್! ಅಮ್ಮ, ಟೇಕ್ ನಡೀತಿದೆ, ಐದೇ ನಿಮಿಷ...”

“ನಿನ್ ಟೇಕಿಗ್ ಬೆಂಕಿ ಹಾಕ! ತೊಲೆ ಮೂತಿ ಹತ್ರ ಗೋಡೆ ಉದುರ್ತಾ ಐತೆ, ಬುಡ್ಲಾ ದಾರಿ!”

ಅವರು ಕುಳಿತಿದ್ದ ಕಡೆಗೆ ಎರಡನೆಯ ತೊಲೆಯ ತುದಿ ಮಣ್ಣಿನ ಗೋಡೆಯಿಂದ ಗೇಣುದ್ದ ಹೊರಗೆ ಚಾಚಿತ್ತು. ಅದು ಹೊರಳಿ ಸುತ್ತಲಿನ ಗಾರೆ ಉದುರುತ್ತಿದ್ದುದನ್ನು ಕಾಫಿ ಕುಡಿಯುತ್ತಾ ಕಂಡಿದ್ದರು. ಒಳಗೆ ಬಂದವರೇ ಮೇಲೆ ನೋಡಿದರು. ಆ ಮುಖವನ್ನು ನಾನು ಮರೆಯಲಾರೆ. ಆದರೆ ದನಿ ಮಾತ್ರ ಒಂಚೂರೂ ಏರಲಿಲ್ಲ.

“ಕೆಳಗಿರೋರೆಲ್ಲ ಆಚೆ ನಡೀರಿ. ಓಡ್ಬೇಡಿ. ಮೇಲ್ ಇರೋಳೇ, ಎದ್ದೇಳ್ಬೇಡ ಕಣವ್ವ. ಮಲಗಿದಂಗೇ ಇರು.”

ನಿರ್ದೇಶಕರು ಏಣಿಯ ಕಡೆ ನುಗ್ಗಿದರು. “ಏಣಿ ಹಿಡೀರಿ, ಅವಳನ್ನ ಇಳಿಸಿ ಮೊದಲು!”

“ಏಣಿ ಮುಟ್ಟಿದ್ರೆ ನೋಡು,” ಎಂದರು ಯಜಮಾನಿ. “ಕಿಂಡಿ ರಾಶಿ ಬುಡದಲ್ಲೈತೆ. ಅಲ್ಲಿಗ್ ಬಂದು ಕಾಲೂರಿದ್ರೆ ಎಲ್ಲಾ ಅವಳ ಮೇಲೇ ಬತ್ತದೆ. ಅವ್ವಾ, ಬೀದಿ ಕಡೆ ಗೋಡೆಗೆ ಸರಿ. ತೆವಳ್ಕಂಡ್ ಹೋಗು, ಹಾವ್ ಹೋದಂಗೆ. ಹಾಂ, ಅಂಗೇ. ಇನ್ನೊಬ್ಬಪ್ಪ, ನೀನೂನೂವೆ. ಆ ಮಿಷನ್ ಬುಟ್ಟು ಬಾರಪ್ಪ!”

ಮೇಲಿನಿಂದ ಛಾಯಾಗ್ರಾಹಕನ ದನಿ: “ಅಮ್ಮ, ಇದು ಬಾಡಿಗೆ ಕ್ಯಾಮೆರಾ...”

“ನೀನೇನ್ ಸ್ವಂತದೋನಾ? ನಿಮ್ಮವ್ವಂಗ್ ಯಾರ್ ಉತ್ತರ ಕೊಡೋರು, ಬುಟ್ ಬಾ ಅಂದ್ರೆ!”

ಇಷ್ಟೆಲ್ಲ ಆಗುವಾಗ ನಾನು ಕುರ್ಚಿಯಲ್ಲೇ ಇದ್ದೆ. ಹಾಳೆಯ ಮೇಲೆ ಪೆನ್ನು ಇಟ್ಟುಕೊಂಡು “ಟೇಕ್ 4, ಹಿಂಬಾಗಿಲಿಂದ” ಎಂದು ಬರೆದಿದ್ದೇನೆ. ಯಜಮಾನಿ ನನ್ನ ಜಡೆ ಹಿಡಿದು ಎಳೆದರು. ಉತ್ಪ್ರೇಕ್ಷೆಯಲ್ಲ, ಜಡೆಯನ್ನೇ. ನೆತ್ತಿ ಎರಡು ದಿನ ನೋಯುತ್ತಿತ್ತು.

ಅವರ ಮೈದುನ ಕೊಟ್ಟಿಗೆಯಿಂದ ಇನ್ನೊಂದು ಏಣಿ ತಂದು ಬೀದಿ ಕಡೆಯ ಗೋಡೆಗೆ ಒಳಗಿನಿಂದ ಒರಗಿಸಿದ. ಮಚ್ಚಿನಿಂದ ಕಟ್ಟು ಕತ್ತರಿಸಿ, ಒಂದೊಂದಾಗಿ ನಾಲ್ಕು ದಬ್ಬೆ ಎಳೆದು ಹಾಕಿದ. ಆ ಸಂದಿನಲ್ಲಿ ಮೊದಲು ನಟಿಯ ಕಾಲು ಕಂಡಿತು. ಅವಳು ಇಳಿದಳು, ಛಾಯಾಗ್ರಾಹಕ ಇಳಿದ, ಬಾಗಿಲು ದಾಟಿದರು. ಆಮೇಲೆ ತೊಲೆ ಮುರಿಯಿತು. ಅದು ಟಕ್ ಎನ್ನಲಿಲ್ಲ; ಒದ್ದೆ ಬಟ್ಟೆ ಹರಿದಂತೆ ಸದ್ದು ಬಂತು. ಕಾಯಿಗಳು ಒಂದೊಂದಾಗಿ ಬೀಳಲಿಲ್ಲ, ಕೆರೆಕೋಡಿಯ ನೀರಿನಂತೆ ಸುರಿದವು. ಧೂಳು ಇಳಿದ ಮೇಲೆ ಬಾಗಿಲಿನಿಂದ ಇಣುಕಿದೆ. ನನ್ನ ಕುರ್ಚಿ ಎಲ್ಲೂ ಕಾಣಲಿಲ್ಲ.

ನಟಿಯ ಅಂಗೈಗೆ ದಬ್ಬೆಯ ಸಿಬಿರು ಹೊಕ್ಕಿತ್ತು. ಇನ್ನಾರಿಗೂ ಏನೂ ಆಗಲಿಲ್ಲ, ಬೀದಿ ಕಡೆ ಉಳಿದಿದ್ದ ಕ್ಯಾಮೆರಾಕ್ಕೂ.

ಮಧ್ಯಾಹ್ನ ಜಗಲಿಯಲ್ಲಿ ಕುಳಿತು ಕಲಾ ನಿರ್ದೇಶಕರು, “ಅಟ್ಟ ಹಳೇದು ಸರ್, ಮರ ಒಳಗೇ ಟೊಳ್ಳಾಗಿತ್ತು ಅನ್ಸುತ್ತೆ,” ಎಂದರು. ನಟಿಯ ಕೈಗೆ ಅರಿಶಿನ ಹಚ್ಚುತ್ತಿದ್ದ ಯಜಮಾನಿ ತಿರುಗಿ ನೋಡಿದರು.

“ಅಟ್ಟ ಹಳೇದಾಗಿದ್ದಕ್ಕಲ್ಲ ಕಣಪ್ಪ ಮುರಿದಿದ್ದು, ನಿನ್ ಕಾಯಿ ಹೊಸಾದಾಗಿದ್ದಕ್ಕೆ. ನಮ್ಮತ್ತೆ ಕಾಲದಿಂದ ಈ ಅಟ್ಟ ತುಂಬ್ತಾನೇ ಐತೆ, ಒಂದ್ ದಬ್ಬೆ ಬಾಗಿಲ್ಲ. ನಾವ್ ಹೆಂಗ್ ತುಂಬ್ತೀವಿ ಗೊತ್ತಾ? ಒಂದ್ ಸಲ ಕೆಡವಿದ್ದು ಮೇಲಾಕ್ತೀವಿ. ಇನ್ನೊಂದ್ ಕೊಯ್ಲು ಬರೋ ಹೊತ್ಗೆ ಅದರ ನೀರು ಇಂಗಿ ಹಗುರಾಗಿರ್ತದೆ. ಆಮೇಲ್ ಇನ್ನೊಂದು. ಅಟ್ಟ ತುಂಬೋ ಹೊತ್ಗೆ ಕೆಳಗಿನವೆಲ್ಲ ಒಣ ಚಿಪ್ಪು. ಎರಡ್ ಟ್ರ್ಯಾಕ್ಟರ್ ನೀರ್ಗಾಯಿ ಒಂದೇ ಸಲಕ್ಕೆ, ಅದೂ ಒಂದೇ ಮಗ್ಗುಲಿಗೆ ಯಾರಾದ್ರೂ ಹೇರ್ತಾರಾ? ಬಸುರಿ ಬೆನ್ ಮೇಲೆ ಮೂಟೆ ಹೊರ್ಸಿದಂಗೆ.”

ಕೈಯಲ್ಲೇ ಉಳಿದಿದ್ದ ನನ್ನ ಹಾಳೆಯನ್ನು ನಿರ್ದೇಶಕರ ಮುಂದಿಟ್ಟೆ. ಅವರು ಎರಡು ಸಾಲೂ ಓದಿದರು, ಮತ್ತೊಮ್ಮೆ ಓದಿದರು. ಹಾಳೆ ನಟಿಯ ಕೈಗೆ ಹೋಯಿತು.

“ನಿಮಗೆ ಕೇಳಿಸಿತ್ತಾ?” ಎಂದಳು.

“ಕೇಳಿಸಿತ್ತು.”

“ನನಗೂ ಕೇಳಿಸಿತ್ತು,” ಎಂದಳು. “ಎದೆ ಕೆಳಗೇ ಅದುರ್ತಿತ್ತು. ಟೇಕ್ ಹಾಳಾಗುತ್ತೆ ಅಂತ ಸುಮ್ಮನಿದ್ದೆ.”

ನಿರ್ದೇಶಕರು ಸಂಜೆಯೊಳಗೆ ತೀರ್ಮಾನ ಹೇಳಿದರು: ಅಟ್ಟದ ಅಧ್ಯಾಯ ಕೈಬಿಡೋಣ. ಸೊಸೆ ತೋಟದಲ್ಲಿ ಅಡಗುತ್ತಾಳೆ, ಎರಡು ಪುಟದಲ್ಲಿ ಬರೆದು ಮುಗಿಸೋಣ. “ಜೀವಕ್ಕಿಂತ ಪುಸ್ತಕ ದೊಡ್ಡದಲ್ಲ,” ಎಂದರು. ಎದುರಾಡುವ ಮುಖ ನನಗಿರಲಿಲ್ಲ. ನಿಜ ಹೇಳಬೇಕೆಂದರೆ ಹಾಯೆನಿಸಿತು. ಅದೇ ಅಧ್ಯಾಯಕ್ಕಾಗಿ ವರ್ಷವಿಡೀ ವಾದ ಮಾಡಿದವಳು ನಾನು. ಈಗ ಆ ನಡುಮನೆಯ ಹೊಸ್ತಿಲು ದಾಟಲೂ ನನ್ನಿಂದಾಗುತ್ತಿರಲಿಲ್ಲ.

ಮರುದಿನ ಚಿತ್ರೀಕರಣವಿರಲಿಲ್ಲ. ಮೈದುನ ಮತ್ತು ನಾಲ್ಕು ಆಳುಗಳು ಕಾಯಿ ಹೊತ್ತು ಹಾಕುತ್ತಿದ್ದರು. ಹೊಸ ದೃಶ್ಯ ಬರೆಯಲು ಪುಸ್ತಕದಲ್ಲಿ ಏನಾದರೂ ಆಧಾರ ಸಿಗುವುದೋ ಎಂದು ನಾನು ಜಗಲಿಯಲ್ಲಿ ಕುಳಿತು ಆ ಅಧ್ಯಾಯ ತೆರೆದೆ. ಎಷ್ಟು ಸಲ ಓದಿದ್ದೆನೋ, ಆದರೂ ಕಣ್ಣು ಯಾವಾಗಲೂ ಮಾತುಗಳ ಮೇಲೇ ಓಡುತ್ತಿತ್ತು. ಕೆಳಗಿನಿಂದ ಬರುವ ಅತ್ತೆಯ, ಭಾವನ ಮಾತುಗಳ ಮೇಲೆ. ಈ ಸಲ ಮಾತು ಬಿಟ್ಟು ಜಾಗ ನೋಡುತ್ತಾ ಓದಿದೆ. ಅಧ್ಯಾಯದ ಮೂರನೆಯ ಪ್ಯಾರಾದಲ್ಲೇ ಇತ್ತು. ಕೊಬ್ಬರಿ ಇಳಿಸಿ ವಾರವಾಗಿದೆ. ಅಟ್ಟ ಬರಿದು. ಮೂಲೆಯಲ್ಲಿ ದೇವರಿಗೋ ನೆಂಟರಿಗೋ ಎಂದು ಉಳಿಸಿದ ಒಂದಷ್ಟು ಒಣಕಾಯಿ, ಅಷ್ಟೇ. ಅವಳಿಗೆ ಮರೆಯಾಗಲು ಏನೂ ಇಲ್ಲ. ಖಾಲಿ ಅಟ್ಟಕ್ಕೆ ಯಾರೂ ಹತ್ತುವುದಿಲ್ಲ ಎಂಬುದೊಂದೇ ಅವಳ ಮರೆ.

ಪುಸ್ತಕ ಹಿಡಿದುಕೊಂಡು ಯಜಮಾನಿಯ ಬಳಿ ಓಡಿದೆ. ಅವರು ಹಿತ್ತಲಲ್ಲಿ ಸೌದೆ ಒಟ್ಟುತ್ತಿದ್ದರು. ಆ ಪುಟವನ್ನು ಗಟ್ಟಿಯಾಗಿ ಓದಿದೆ. ಮುಗಿಯುವವರೆಗೆ ಸೌದೆ ಕೈಯಲ್ಲೇ ಹಿಡಿದು ನಿಂತಿದ್ದರು.

“ಇದನ್ನ ಬರೆದೋರು ಅಟ್ಟ ಹತ್ತಿ ಇಳ್ದೋರು ಕಣವ್ವ. ತುಂಬಿದ್ ಅಟ್ಟದಲ್ಲಿ ಮನುಷ್ಯ ಹೆಂಗ್ ಮಲಗ್ತಾನೆ? ಜಾಗ ಎಲ್ಲೈತೆ, ಗಾಳಿ ಎಲ್ಲೈತೆ? ದಿನಾ ಒಬ್ಬರಲ್ಲ ಒಬ್ಬರು ಕಾಯಿ ತಿರುವಕ್ಕೆ ಹತ್ತಿರ್ತಾರೆ, ಮೊದಲ್ನೇ ದಿನಾನೇ ಸಿಕ್ಕಾಕಂಡಿರೋಳು.” ಸೌದೆ ಕೆಳಗಿಟ್ಟು ನನ್ನನ್ನು ದಿಟ್ಟಿಸಿದರು. “ಅಲ್ಲಾ, ಪುಸ್ತಕದಲ್ಲೇ ಖಾಲಿ ಅಂತ ಬರ್ದೈತೆ. ನಾನೂ ಖಾಲಿ ಮಾಡೇ ಕೊಟ್ಟಿದ್ದೆ. ನಿಮಗ್ಯಾರ್ ಹೇಳಿದ್ರು ತುಂಬಿ ಅಂತ?”

ಯಾರೂ ಹೇಳಿರಲಿಲ್ಲ. ತೆಂಗಿನ ಸೀಮೆ ಎಂದ ಮೇಲೆ ತುಂಬಿದ ಅಟ್ಟ ಎಂದುಕೊಂಡಿದ್ದೆವು.

ಪುಟವನ್ನು ನಿರ್ದೇಶಕರಿಗೂ ಓದಿದೆ. ಅವರು ಪುಸ್ತಕ ಇಸಿದುಕೊಂಡು ತಾವೇ ಮತ್ತೊಮ್ಮೆ ಓದಿ, “ಅವಳು ಹತ್ತುತ್ತಾಳಾ ಕೇಳು. ಒತ್ತಾಯ ಮಾಡಬೇಡ. ಬೇಡ ಅಂದರೆ ಅಲ್ಲಿಗೆ ಮುಗೀತು,” ಎಂದರು.

ಪಟ್ಟಿ ಸುತ್ತಿದ ಕೈ ಮಡಿಲಲ್ಲಿಟ್ಟುಕೊಂಡು ನಟಿ ಕೇಳಿಸಿಕೊಂಡಳು. ಅವಳದು ಮೂರು ಕರಾರು. ತೊಲೆ ಹೊಸದಾಗಬೇಕು. ಟೇಕ್ ನಡೆಯುವಾಗ ಯಜಮಾನಿ ಒಳಗೇ ಇರಬೇಕು. ಮೂರನೆಯದನ್ನು ನನ್ನ ಮುಖ ನೋಡಿಯೇ ಹೇಳಿದಳು: “ನೀವು ಕೆಳಗೆ ಕೂರೋ ಹಾಗಿಲ್ಲ. ಮೇಲೆ, ನನ್ನ ಜೊತೆ.”

ತುರುವೇಕೆರೆಯಿಂದ ಬಡಗಿ ಬಂದರು. ಮುರಿದ ತೊಲೆಯ ಜೊತೆಗೆ ಅದರ ಪಕ್ಕದ್ದನ್ನೂ ತೆಗೆದು ಹೊಸ ತೊಲೆ ಕೂರಿಸಿ, ಎರಡಕ್ಕೂ ಗೋಡೆಯ ಬಳಿ ಕಂಬ ಕೊಟ್ಟರು. ಕಂಬ ಫ್ರೇಮಿನಲ್ಲಿ ಬರುತ್ತದೆ ಎಂದು ಕಲಾ ನಿರ್ದೇಶಕರು ಹೇಳಲು ಹೋಗಿ, ಯಜಮಾನಿಯ ಮುಖ ನೋಡಿ, ಕಂಬಕ್ಕೂ ಹೊಸ ತೊಲೆಗಳಿಗೂ ತಾವೇ ಮಸಿ ಬಳಿದರು. ನೆರೆಮನೆಯ ಅಟ್ಟದಿಂದ ಒಂದು ಕುಕ್ಕೆಯಷ್ಟು ಒಣಕಾಯಿ ತಂದು ಮೂಲೆಯಲ್ಲಿಟ್ಟದ್ದೂ ಅವರೇ. ಬೂದು ಬಣ್ಣದ ಕಾಯಿ ಕಾಣಿಸಲೆಂದು ಛಾಯಾಗ್ರಾಹಕ ಎರಡು ಹೆಂಚು ಸರಿಸಿದ. ಬಿಸಿಲಿನ ಕೋಲೊಂದು ಒಳಗೆ ಬಿತ್ತು. ಖಾಲಿ ಅಟ್ಟ ತುಂಬಿದ್ದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು.

ನಿರ್ದೇಶಕರು ಎಲ್ಲರನ್ನೂ ಸೇರಿಸಿ ಹೊಸ ನಿಯಮ ಹೇಳಿದರು. ಏನಾದರೂ ಅನುಮಾನ ಬಂದರೆ, ಯಾರೇ ಆಗಲಿ, ಟೇಕಿನ ನಡುವೆಯೇ ‘ಕಟ್’ ಎನ್ನಬಹುದು. ಕೇಳಿಸಿಕೊಂಡಿದ್ದ ಮೈದುನ ಕೇಳಿದ: “ನಾವೂನೂವಾ ಸಾ?” “ನೀವೇ ಮೊದಲು,” ಎಂದರು ನಿರ್ದೇಶಕರು.

ಯಜಮಾನಿ ಮೊದಲು ಹತ್ತಿ, ತೊಲೆಯಿಂದ ತೊಲೆಗೆ ನಡೆದಾಡಿ, ಹಿಮ್ಮಡಿಯಿಂದ ಒತ್ತಿ ನೋಡಿ ಇಳಿದರು. ಆಮೇಲೆ ನಟಿ. ನಾನು ಏಣಿಯ ಮೂರನೆಯ ಮೆಟ್ಟಿಲಲ್ಲಿ ನಿಂತುಬಿಟ್ಟೆ. ಮೇಲಿನಿಂದ ನಟಿ, “ಮೇಡಂ, ನನ್ನ ಸೆರಗು ಯಾವ ಹೆಗಲ ಮೇಲಿತ್ತು?” ಎಂದು ಕೇಳಿದಳು. ಹಾಳೆ ನೋಡಲು ಎರಡೂ ಕೈ ಬೇಕು. ಮೇಲೆ ಹೋಗಿ ಕೂರದೆ ಬೇರೆ ದಾರಿಯಿರಲಿಲ್ಲ. ಅವಳಿಗೆ ಉತ್ತರ ಗೊತ್ತಿತ್ತು ಎಂದು ಆಮೇಲೆ ಹೊಳೆಯಿತು.

ಮೊದಲ ಟೇಕಿನಲ್ಲಿ ನಾನು ‘ಕಟ್’ ಎಂದು ಕಿರುಚಿದೆ. ಹಲ್ಲಿ ಲೊಚಗುಟ್ಟಿತ್ತು, ಅಷ್ಟೇ. ಯಾರೂ ಬೈಯಲಿಲ್ಲ. “ಹಲ್ಲಿನೂ ಕಟ್ ಅಂತಾ ಐತೆ ನೋಡ್ರಿ,” ಎಂದ ಮೈದುನ ಕೆಳಗಿನಿಂದ. ಮೂರನೆಯ ಟೇಕಿಗೆ ನನ್ನ ಉಸಿರು ಸರಿಯಾಯಿತು. ಸಂದಿಗೆ ಕಣ್ಣಿಟ್ಟ ನಟಿಯ ಮುಖದ ಮೇಲೆ ಕೆಳಗಿನ ಒಲೆಯ ಬೆಳಕು ಗೆರೆ ಗೆರೆಯಾಗಿ ಬಿದ್ದಿತ್ತು. ತನ್ನನ್ನು ಶನಿ ಎಂದ ಅತ್ತೆ, ಒಂದು ಗಳಿಗೆ ಬಿಟ್ಟು, ಹುಡುಗಿ ಊಟ ಮಾಡಿತೋ ಇಲ್ಲವೋ ಎಂದು ಗೊಣಗಿದಾಗ ಅವಳ ತುಟಿ ಅದುರಿತು. ಇಷ್ಟು ವರ್ಷ ಪುಟದ ಮೇಲೆ ಓದಿದ್ದು ಕೈಯಳತೆಯಲ್ಲಿ ನಡೆಯುತ್ತಿತ್ತು.

ಕೊನೆಯ ಶಾಟ್, ಅವಳು ಇಳಿಯುವುದು. ಕ್ಯಾಮೆರಾ ಕೆಳಗೆ ಹೋಯಿತು. ಅವಳೂ ಇಳಿದರೆ ಮೇಲೆ ಉಳಿಯುವವಳು ನಾನೊಬ್ಬಳೇ. ಅವಳು ಕಿಂಡಿಯಲ್ಲಿ ಕಾಲಿಟ್ಟು ಒಂದೊಂದೇ ಮೆಟ್ಟಿಲು ಇಳಿದು, ಕಾಗದ ಹಿಡಿದು ನಿಂತವರ ನಡುವೆ ನಿಂತು, ಒತ್ತುವುದಿಲ್ಲ ಎಂದಳು. ಹೇಳಿದ್ದು ಮೆಲ್ಲಗೆ. ನಿರ್ದೇಶಕರು ‘ಕಟ್’ ಎನ್ನಲಿಲ್ಲ. ಎಲ್ಲರೂ ಹಾಗೇ ನಿಂತಿದ್ದರು. ಆ ಮೌನದಲ್ಲಿ ಕಂಬದ ಪಕ್ಕದಿಂದ ಯಜಮಾನಿಯ ದನಿ ಗಟ್ಟಿಯಾಗಿ ಕೇಳಿಸಿತು.

“ಮೂರ್ ದಿನದಿಂದ ಎಲ್ಲಾ ಕೇಳುಸ್ಕಂಡು ಬಾಯ್ ಮುಚ್ಕಂಡ್ ಕೂತಿದ್ಯಲ್ಲೇ! ಮೊದಲೇ ಹೇಳಕ್ಕೇನಾಗಿತ್ತು ನಿಂಗೆ?”

ಧ್ವನಿ ತೆಗೆಯುವವರು ಹಣೆ ಚಚ್ಚಿಕೊಂಡರು. ಯಾರೋ ನಕ್ಕರು. ನಿರ್ದೇಶಕರು ಕೈಯೆತ್ತಿ ಕ್ಯಾಮೆರಾ ನಿಲ್ಲಿಸಬೇಡ ಎಂದು ಸನ್ನೆ ಮಾಡಿದ್ದನ್ನು ನಾನು ದಬ್ಬೆ ಸಂದಿನಿಂದ ಕಂಡೆ. ನಟಿ ಇನ್ನೂ ಆ ಸೊಸೆಯಾಗಿಯೇ ಇದ್ದಳು. ಕಣ್ಣು ಒರೆಸಿಕೊಳ್ಳದೆ ಅವರತ್ತ ತಿರುಗಿದಳು.

“ಹೆದರಿಕೆ ಆಗಿತ್ತಮ್ಮ,” ಎಂದಳು. “ಈಗ ಹೇಳಿದ್ನಲ್ಲ.”

“ಹೇಳ್ದೆ,” ಎಂದರು ಯಜಮಾನಿ. “ಹೂಂ. ಹೇಳ್ದೆ. ಸಾಕ್ ಬುಡು.”

ಕೆಳಗೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ನಾನು ‘ಟಕ್’ ಎಂಬ ಆ ಎರಡು ಸಾಲಿದ್ದ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಅತ್ತುಬಿಟ್ಟೆ; ಅಳು ನಿಂತ ಮೇಲೆ ಮುಖ ಒರೆಸಿಕೊಂಡು ಏಣಿ ಹಿಡಿದು ಇಳಿದೆ.